ಬಾಯಿಮಾತಿನ ದೂರು

ನನ್ನ ಟೀಮಿನಲ್ಲಿ ದಿಂಡೋರಿಯ ಒಬ್ಬ ಹುಡುಗಿ ಇದ್ದಾಳೆ. ಅಪ್ಪನದು ದ್ರಾಕ್ಷಿ ತೋಟ. ದಿನಾ ಬಸ್ಸಿನಲ್ಲಿ ನಾಸಿಕಕ್ಕೆ ಬಂದು ಹೋಗುತ್ತಾಳೆ. 2024ರ ಫೆಬ್ರುವರಿಯಲ್ಲಿ ಒಂದು ದಿನ ಕಾಫಿ ಮಶೀನಿನ ಹತ್ತಿರ ನಿಂತು, ಕಾಲೇಜಿನಲ್ಲಿ ಸೀನಿಯರ್ ಆಗಿದ್ದವನೊಬ್ಬ ಬೆನ್ನು ಹತ್ತಿದ್ದಾನೆ ಎಂದಳು. ಸ್ಟ್ಯಾಂಡಿನಲ್ಲಿ ಕಾಯುತ್ತಾನೆ, ಅದೇ ಬಸ್ಸು ಹತ್ತುತ್ತಾನೆ, ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಫೋನ್ ಮಾಡುತ್ತಾನೆ. ನಾನು ಎರಡೇ ನಿಮಿಷದಲ್ಲಿ ಪರಿಹಾರ ಕೊಟ್ಟೆ: ಒಂದು ತಿಂಗಳು ಮನೆಯಿಂದಲೇ ಕೆಲಸ ಮಾಡು. ಅವಳು "ಓಕೆ ಸರ್" ಎಂದು ಹೋದಳು. ತಪ್ಪು ಮಾಡಿದವನು ಊರು ತಿರುಗುತ್ತಿದ್ದ, ಹೇಳಿದವಳು ಮನೆಯೊಳಗೆ ಕೂತಳು. ಆಗ ನನಗೆ ಹಾಗೆ ಅನ್ನಿಸಲೇ ಇಲ್ಲ.

ನಾನು ಹುಬ್ಬಳ್ಳಿಯವನು. ಬಿ.ಇ. ಮುಗಿಸಿದ್ದು ಬಿವಿಬಿಯಲ್ಲಿ. ಅದೇ ಕ್ಯಾಂಪಸ್ಸಿನಲ್ಲಿ ಏಪ್ರಿಲ್ 18ರಂದು ಎಂಸಿಎ ಓದುತ್ತಿದ್ದ ನೇಹಾ ಹಿರೇಮಠಳ ಕೊಲೆಯಾಯಿತು. ಅದು ಚುನಾವಣೆಯ ಸಮಯ. ಆರೋಪಿಯ ಧರ್ಮದ ಬಗ್ಗೆ ಟಿವಿಯಲ್ಲಿ ಗಂಟೆಗಟ್ಟಲೆ ಮಾತು ನಡೆಯಿತು. ನಾನೂ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಜಗಳಾಡಿ ಸುಮ್ಮನಾದೆ.

ಸರಿಯಾಗಿ ಇಪ್ಪತ್ತೇಳು ದಿನಕ್ಕೆ, ಮೇ 15ರಂದು, ಅವ್ವ ಫೋನ್ ಮಾಡಿದಳು. "ಕೇಳಿದ್ಯೇನಪಾ? ವೀರಾಪುರ ಓಣ್ಯಾಗ ಇನ್ನೊಂದ್ ಹುಡುಗಿನ್ನ ಮನಿಯಾಗ ಹೊಕ್ಕು ಕೊಂದಾನಂತ."

ಅಂಜಲಿ ಅಂಬಿಗೇರ. ಇಪ್ಪತ್ತು ವರ್ಷ. ಅಜ್ಜಿ ಮತ್ತು ತಂಗಿಯರ ಜೊತೆಗಿದ್ದ ಹುಡುಗಿ. ತನ್ನ ಜೊತೆ ಬರದಿದ್ದರೆ ನೇಹಾಗೆ ಆದದ್ದೇ ನಿನಗೂ ಆಗುತ್ತದೆ ಎಂದು ಅವನು ಬೆದರಿಸಿದ್ದನಂತೆ. ಅಜ್ಜಿ ಇದನ್ನು ಬೆಂಡಿಗೇರಿ ಠಾಣೆಗೆ ಮೊದಲೇ ಹೇಳಿದ್ದರು, ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬುದು ಕುಟುಂಬದವರ ದೂರು. ಅವತ್ತೇ ಕ್ರಮ ಕೈಗೊಂಡಿದ್ದರೆ ಮಗು ಉಳಿಯುತ್ತಿತ್ತು ಎಂದು ಅವರು ಅಳುತ್ತ ಹೇಳಿದ್ದನ್ನು ಊರೆಲ್ಲ ನೋಡಿತು. ಕರ್ತವ್ಯಲೋಪಕ್ಕಾಗಿ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಮಹಿಳಾ ಸಿಬ್ಬಂದಿ ಅಮಾನತಾದರು. ಕೆಲವೇ ದಿನಗಳಲ್ಲಿ ಡಿಸಿಪಿಯೂ ಅಮಾನತಾದರು.

ವರದಿಗಳನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು, ಅಜ್ಜಿ ಕೊಟ್ಟದ್ದು ಬಾಯಿಮಾತಿನ ದೂರು ಎಂಬ ವಿವರ. ನಮ್ಮ ಕಸುಬಿನಲ್ಲೂ ಹಾಗೇ. ಟಿಕೆಟ್ ನಂಬರ್ ಇಲ್ಲದ ತೊಂದರೆ ತೊಂದರೆಯೇ ಅಲ್ಲ. ಆದರೆ ಅಂದು ಜಾರಿಯಲ್ಲಿದ್ದ ಸಿಆರ್‌ಪಿಸಿಯ 154ನೇ ಸೆಕ್ಷನ್ ತೆಗೆದು ನೋಡಿದರೆ, ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧದ ಬಗ್ಗೆ ಯಾರಾದರೂ ಬಾಯಲ್ಲಿ ಹೇಳಿದರೆ ಅದನ್ನು ಬರೆದುಕೊಳ್ಳಬೇಕಾದದ್ದು ಠಾಣೆಯವರೇ. ಬರೆದದ್ದನ್ನು ಓದಿ ಹೇಳಬೇಕು, ಸಹಿ ಹಾಕಿಸಬೇಕು, ಪ್ರತಿ ಪುಕ್ಕಟೆ ಕೊಡಬೇಕು. ಹಿಂಬಾಲಿಸುವುದು ಅಂಥ ಅಪರಾಧವೇ. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2013ರಲ್ಲಿ ಐಪಿಸಿಗೆ 354ಡಿ ಸೇರಿತು. ಅದೇ ತಿದ್ದುಪಡಿ 166ಎ ಎಂಬ ಇನ್ನೊಂದು ಸೆಕ್ಷನ್ನನ್ನೂ ತಂದಿತು: ಹೆಣ್ಣುಮಕ್ಕಳ ಮೇಲಿನ ಕೆಲವು ಅಪರಾಧಗಳ ದೂರು ಬರೆದುಕೊಳ್ಳದ ಅಧಿಕಾರಿಗೇ ಜೈಲು. ಪಟ್ಟಿಯನ್ನು ಎರಡು ಸಲ ಓದಿದೆ. ಅತ್ಯಾಚಾರ ಇದೆ, ಆ್ಯಸಿಡ್ ದಾಳಿ ಇದೆ. 354ಡಿ ಇಲ್ಲ! ಮೊದಲ ಸಲ ಹಿಂಬಾಲಿಸಿ ಸಿಕ್ಕಿಬಿದ್ದವನಿಗೆ ಜಾಮೀನು ಹಕ್ಕು. ಎರಡನೆಯ ಸಲ ಶಿಕ್ಷೆಯಾಗುವ ಹಂತಕ್ಕೆ ಬಂದಾಗ ಮಾತ್ರ ಅದು ಜಾಮೀನಿಲ್ಲದ ಅಪರಾಧ. ಹೊಸ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲೂ ಹಾಗೆಯೇ ಇದೆ.

ಬರೆದುಕೊಂಡರೂ ಸಾಲದು. ಇಂಗ್ಲೆಂಡಿನ ಬ್ರೈಟನ್ ಹತ್ತಿರದ ಶಾನಾ ಗ್ರೈಸ್ ಎಂಬ ಹತ್ತೊಂಬತ್ತರ ಹುಡುಗಿ ಪೊಲೀಸರಿಗೆ ಐದು ಸಲ ದೂರಿದ್ದಳು. ಅವನ ಜೊತೆ ತನಗೆ ಸಂಬಂಧವಿತ್ತೆಂದು ಮುಚ್ಚಿಟ್ಟಳೆಂದು, ಪೊಲೀಸರ ಸಮಯ ಹಾಳು ಮಾಡಿದ್ದಕ್ಕೆ ಅವಳಿಗೇ 90 ಪೌಂಡ್ ದಂಡ ಹಾಕಿದರು. 2016ರ ಆಗಸ್ಟಿನಲ್ಲಿ ಅವನೇ ಅವಳನ್ನು ಕೊಂದ. ಅವಳ ಅಪ್ಪ ಅಮ್ಮ ಆಮೇಲೆ ಕೇಳಿದ್ದಕ್ಕೂ ವೀರಾಪುರ ಓಣಿಯವರು ಕೇಳಿದ್ದಕ್ಕೂ ವ್ಯತ್ಯಾಸವಿಲ್ಲ: ಹೇಳಿದಾಗ ನಂಬಬೇಕಿತ್ತು.

ಅವ್ವನ ಫೋನ್ ಇಟ್ಟವನು ಕೂಡಲೇ ದಿಂಡೋರಿಗೆ ಫೋನ್ ಮಾಡಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಈಗ ಮನೆ ಮುಂದೆ ಬೈಕ್ ನಿಲ್ಲಿಸುತ್ತಾನೆ" ಎಂದಳು. ಠಾಣೆಗೆ ಹೋಗೋಣ ಎಂದರೆ ಅವಳ ಅಪ್ಪ ಒಪ್ಪಲಿಲ್ಲ. "ಸಾಹೇಬ್, ಮದುವೆ ಮಾತು ನಡೆದಿದೆ. ಹೆಸರು ಕೆಡುತ್ತದೆ." ಅವರನ್ನು ಒಪ್ಪಿಸುವಷ್ಟರಲ್ಲಿ ಜುಲೈ ಬಂತು. ಆ ಏಳು ವಾರ ನನಗೆ ಬೆಳಗಿನ ಫೋನ್ ಎಂದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಹೋದ ಮೊದಲ ಠಾಣೆಯಲ್ಲಿ ಇದು ನಮ್ಮ ಹದ್ದು ಅಲ್ಲ ಎಂದರು. ಹೊಸ ಕಾನೂನು ಬಂದು ವಾರವಾಗಿತ್ತಷ್ಟೇ. ಘಟನೆ ಎಲ್ಲೇ ನಡೆದಿದ್ದರೂ ದೂರು ದಾಖಲಿಸಬೇಕು ಎನ್ನುವ 173ನೇ ಸೆಕ್ಷನ್ನನ್ನು ನನ್ನ ಹರಕು ಮರಾಠಿಯಲ್ಲಿ ಓದಿ ಹೇಳಿದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ನನ್ನ ಕೊರಳಲ್ಲಿದ್ದ ಕಂಪನಿಯ ಐಡಿ ಕಾರ್ಡ್ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ವೀರಾಪುರ ಓಣಿಯ ಅಜ್ಜಿಯ ಕೊರಳಲ್ಲಿ ಏನಿತ್ತು? ಮೂರು ಗಂಟೆ ಕೂತ ಮೇಲೆ ಒಬ್ಬ ಮಹಿಳಾ ಪೇದೆ ತಾರೀಖು, ಫೋನ್ ನಂಬರ್, ಬಸ್ಸಿನ ಹೊತ್ತು ಎಲ್ಲ ಕೇಳಿ ಕೇಳಿ ಬರೆದುಕೊಂಡರು. ಅವನ ಹತ್ತಿರ ಆಯುಧ ಇದೆಯಾ ಎಂದೂ ಕೇಳಿದರು. ಆ ಪ್ರಶ್ನೆಯನ್ನು ನಾನೇ ಅವಳನ್ನು ಕೇಳಿರಲಿಲ್ಲ.

ಅವನನ್ನು ಕರೆಸಿದರು, ಜಾಮೀನು ಸಿಕ್ಕಿತು. ಹುಡುಗಿ ಆಗಸ್ಟಿನಿಂದ ಮತ್ತೆ ಆಫೀಸಿಗೆ ಬರುತ್ತಿದ್ದಾಳೆ. ದೀಪಾವಳಿಯ ಹಿಂದಿನ ವಾರ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಅವನನ್ನು ಒಮ್ಮೆ ಕಂಡಳಂತೆ. ಹತ್ತಿರ ಬರಲಿಲ್ಲ, ಸುಮ್ಮನೆ ನಿಂತಿದ್ದ. ಅವಳು ಅದನ್ನು ಹೇಳುವಾಗ ನಾನು ಲ್ಯಾಪ್‌ಟಾಪ್ ತೆರೆದು ತಾರೀಖು, ಹೊತ್ತು, ಜಾಗ ಬರೆದೆ. ಎಫ್‌ಐಆರ್ ನಂಬರ್ ಹಾಕಿ, ಆ ಪೇದೆಗೆ ಅವಳಿಂದಲೇ ಫೋನ್ ಮಾಡಿಸಿದೆ.