ರಾಜಗೋಪಾಲನಗರದಿಂದ ಶರಾವತಿಯ ಕೊಳ್ಳಕ್ಕೆ

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಂತೆ ರಾಜಗೋಪಾಲನಗರವೆಂಬ ಬಡಾವಣೆಯೊಂದುಂಟು. ಪ್ರೇಕ್ಷಣೀಯ ಸ್ಥಳಗಳನ್ನು ಅರಸುವವರು ಇಲ್ಲಿಗೆ ಬರುವುದಿಲ್ಲ. ಬರುವುದಕ್ಕೆ ಕಾರಣವೂ ಇಲ್ಲ. ಉಪಾಧ್ಯಾಯವೃತ್ತಿಯಿಂದ ವಿಶ್ರಾಂತಿ ಪಡೆದ ಮೇಲೆ ನಾವು ಇಲ್ಲಿಯೇ ನೆಲೆಸಿರುವೆವು. ಶಬ್ದಶಾಸ್ತ್ರ ಓದಿದವರಿಗೆ ಇಲ್ಲಿ ಶಬ್ದಕ್ಕೇನೂ ಕೊರತೆಯಿಲ್ಲವೆಂದು ನಮ್ಮ ಮಿತ್ರರು ಪರಿಹಾಸ್ಯ ಮಾಡುವುದುಂಟು. ಅದು ಸುಳ್ಳಲ್ಲ. ಬೀದಿಯೊಂದಕ್ಕೆ ಹತ್ತು ಹದಿನೈದು ಸಣ್ಣ ಕಾರ್ಖಾನೆಗಳು. ಕೆಳಗೆ ಲೇತು, ಪವರ್ ಪ್ರೆಸ್ಸು, ಪೌಡರ್ ಕೋಟಿಂಗಿನ ಒಲೆ. ಮೇಲೆ ಬಾಡಿಗೆಯ ಮನೆಗಳು. ರಾಯಚೂರು, ಕಲಬುರಗಿಗಳಿಂದ ಹೊಟ್ಟೆಪಾಡಿಗೆ ಬಂದವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ದೊಡ್ಡ ಕಂಪೆನಿಗಳಿಗೆ ಬೋಲ್ಟು ಬುಷ್ಷುಗಳನ್ನು ಕಡೆದುಕೊಡುವ ಜಾಬ್ ವರ್ಕಿನವರು, ಇವರೇ ಇಲ್ಲಿಯ ಪ್ರಜೆಗಳು.

ಈ ಬೀದಿಯ ಜೀವವೆಲ್ಲ ವಿದ್ಯುತ್ತಿನಲ್ಲಿದೆ. ಕರೆಂಟು ಹೋದ ಒಡನೆ ಬೀದಿಗೆ ಬೀದಿಯೇ ಮೂಕವಾಗುವುದು. ಆಗ ಲೇತಿನ ಹುಡುಗರು ಬಾಗಿಲಿಗೆ ಬಂದು ಕುಳಿತುಕೊಳ್ಳುವರು. ನಮ್ಮ ನೆರೆಯ ಯಜಮಾನರೊಬ್ಬರು ಎರಡು ಯಂತ್ರಗಳನ್ನಿಟ್ಟುಕೊಂಡು ಆರು ಮಂದಿಗೆ ಅನ್ನ ಕೊಡುತ್ತಿರುವರು. ಅವರು ಒಮ್ಮೆ, "ಮೇಷ್ಟ್ರೆ, ಒಂದು ಗಂಟೆ ನಿಂತರೆ ಆ ದಿನದ ಲಾಭವೆಲ್ಲ ಹೋಯಿತು. ಸಾಯಂಕಾಲ ಆರರಿಂದ ಹತ್ತರವರೆಗೆ ಕರೆಂಟು ಗಟ್ಟಿಯಾಗಿರಲಿ, ಅಷ್ಟೇ ಸಾಕು" ಎಂದರು. ಈ ಮಾತೇ ನಮ್ಮನ್ನು ಶರಾವತಿಯ ಕೊಳ್ಳದವರೆಗೆ ಕರೆದೊಯ್ದಿತು.

ಅದು ಹೇಗೆಂದರೆ: ನಮ್ಮ ರಾಜ್ಯದಲ್ಲಿ ಹಗಲಿನ ಹೊತ್ತು ಸೂರ್ಯನಿಂದ ಬರುವ ವಿದ್ಯುತ್ತು ಈಗ ಹೇರಳವಾಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರ ಸುಮಾರು 13,000 ಎಕರೆ ನೆಲವನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಸೌರಸ್ಥಾವರವನ್ನು ನಿರ್ಮಿಸಿರುವರು. ಆದರೆ ಭಗವಾನ್ ಭಾಸ್ಕರನು ಆರು ಗಂಟೆಗೆ ಅಸ್ತನಾಗುವನು. ದೀಪ ಹಚ್ಚುವ ಹೊತ್ತೂ ಮನೆಮನೆಯ ಒಲೆ ಮಿಕ್ಸಿಗಳ ಹೊತ್ತೂ ಅದೇ. ಹಗಲಿನ ಹೆಚ್ಚಳವನ್ನು ರಾತ್ರಿಗೆ ಕೂಡಿಡುವುದು ಹೇಗೆ? ಇದಕ್ಕೆ ಇಂಜಿನಿಯರರು ಹೇಳುವ ಉಪಾಯವನ್ನು ಬೆಂಗಳೂರಿನ ಗೃಹಿಣಿಯರಿಗೆ ವಿವರಿಸಬೇಕಾದುದಿಲ್ಲ. ಕರೆಂಟಿದ್ದಾಗ ಸಂಪಿನ ನೀರನ್ನು ಮಹಡಿಯ ಟ್ಯಾಂಕಿಗೆ ಏರಿಸಿಟ್ಟು, ಬೇಕೆಂದಾಗ ನಲ್ಲಿ ತಿರುಗಿಸುವುದಿಲ್ಲವೆ? ಹಾಗೆಯೇ ಹಗಲಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ, ಸಂಜೆ ಅದನ್ನು ಕೆಳಕ್ಕೆ ಬಿಟ್ಟು ಚಕ್ರ ತಿರುಗಿಸುವುದು. ಏರಿಸಲು ನಾಲ್ಕು ಪಾಲು ಶಕ್ತಿ ವ್ಯಯವಾದರೆ ಇಳಿಯುವಾಗ ಸುಮಾರು ಮೂರು ಪಾಲು ಹಿಂದಕ್ಕೆ ಬರುವುದು. ನಷ್ಟವುಂಟು, ಆದರೂ ಮಧ್ಯಾಹ್ನದ ಅಗ್ಗದ ಶಕ್ತಿಯನ್ನು ಸಂಜೆಯ ದುಬಾರಿ ಶಕ್ತಿಯಾಗಿ ಮಾರ್ಪಡಿಸಿದಂತಾಗುವುದು.

ಇದಕ್ಕಾಗಿ ಕರ್ನಾಟಕ ವಿದ್ಯುತ್ ನಿಗಮದವರು ಆರಿಸಿಕೊಂಡಿರುವ ಮಹಡಿಯ ಟ್ಯಾಂಕು ಜೋಗದ ಬಳಿಯ ತಲಕಳಲೆ; ಸಂಪು ಘಟ್ಟದ ಕೆಳಗಿನ ಗೇರುಸೊಪ್ಪೆ. ಇವೆರಡರ ನಡುವಿನ ಇಳಿತ 400 ಮೀಟರುಗಳಿಗೂ ಮಿಗಿಲು. ಯೋಜನೆಯ ಗಾತ್ರ 2,000 ಮೆಗಾವಾಟು. ನಡುವೆ ಇರುವುದೋ, 2019ರಲ್ಲಿ ಸರ್ಕಾರವೇ ಘೋಷಿಸಿದ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ.

ಕಣ್ಣಾರೆ ಕಾಣಬೇಕೆಂದು ಹೋದ ಮಾರ್ಗಶಿರದಲ್ಲಿ ಯಶವಂತಪುರದಲ್ಲಿ ರಾತ್ರಿಯ ರೈಲುಗಾಡಿಯನ್ನೇರಿದೆವು. ಬೆಳಗಾಗುವಾಗ ಸಾಗರ ಹಿಂದೆ ಬಿದ್ದು, ಗಾಡಿ ತಾಳಗುಪ್ಪದಲ್ಲಿ ನಿಂತಿತು. ಅಲ್ಲಿಂದ ಮುಂದೆ ಹಳಿಯಿಲ್ಲ. ಮಂಜು, ಅಡಕೆಯ ತೋಟಗಳು, ಬಿಸಿ ಕಾಫಿ. ಪೀಣ್ಯದ ಗಾಳಿ ಸೇವಿಸಿದ ಮೂಗಿಗೆ ಇಲ್ಲಿಯ ಗಾಳಿ ಔಷಧದಂತೆ ತೋರಿತು.

ಜೋಗವನ್ನು ವರ್ಣಿಸುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ. ಮಳೆಗಾಲ ಕಳೆದ ಮೇಲೆ ಅಲ್ಲಿ 253 ಮೀಟರಿನ ಬಂಡೆಯೇ ಮುಖ್ಯ, ನೀರು ಗೌಣ. ನೀರನ್ನೆಲ್ಲ ಲಿಂಗನಮಕ್ಕಿ ಹಿಡಿದಿಟ್ಟುಕೊಂಡಿರುವುದು. ಶ್ರೀರಾಮನು ಬಾಣದಿಂದ ನೆಲವನ್ನು ಭೇದಿಸಿದಾಗ ಅಂಬುತೀರ್ಥದಲ್ಲಿ ಹುಟ್ಟಿದುದರಿಂದ ಶರಾವತಿಯೆಂಬ ಹೆಸರಾಯಿತೆಂಬುದು ಐತಿಹ್ಯ. ಸುಮಾರು 128 ಕಿಲೋಮೀಟರು ಮಾತ್ರ ಹರಿಯುವ ಈ ಪುಟ್ಟ ನದಿಯಷ್ಟು ನಾಡಿಗಾಗಿ ದುಡಿದ ನದಿ ನಮ್ಮಲ್ಲಿ ವಿರಳ. 1940ರ ದಶಕದ ಕೊನೆಗೆ ಜೋಗದ ಬುಡದಲ್ಲಿ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ಆ ಬಳಿಕ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯ 240 ಮೆಗಾವಾಟು. ಒಂದೇ ಹನಿ ಎರಡು ಮೂರು ಕಡೆ ಚಾಕರಿ ಮಾಡಿ ಕಡಲು ಸೇರುವುದು.

ಈ ಚಾಕರಿಯ ಬೆಲೆಯನ್ನು ತೆತ್ತವರು ಬೇರೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು, ಗದ್ದೆಗಳು, ದೇವಾಲಯಗಳು ಮುಳುಗಿದುವು. ಸಾವಿರಾರು ಕುಟುಂಬಗಳು ಎದ್ದು ಹೋದುವು. ಅಂಥವರ ನೆಲದ ಹಕ್ಕುಪತ್ರದ ಮಾತು ಅರವತ್ತು ವರ್ಷಗಳ ಬಳಿಕವೂ ವಿಧಾನಸೌಧದಲ್ಲಿ ಕೇಳಿಬರುತ್ತಿದ್ದಿತು. ಸಿಗಂದೂರಿನ ಕಡೆಯ ಜನ ಹಿನ್ನೀರಿನಾಚೆ ಸಿಕ್ಕಿಕೊಂಡು, ಆಸ್ಪತ್ರೆಗಾಗಲಿ ಸಂತೆಗಾಗಲಿ ಲಾಂಚನ್ನೇ ಕಾಯಬೇಕಾಗಿದ್ದಿತು. ಅಂಬಾರಗೊಡ್ಲಿನ ಸೇತುವೆ ಸಂಚಾರಕ್ಕೆ ತೆರೆದುದು 2025ರ ಜುಲೈ ತಿಂಗಳಲ್ಲಿ! ನಾಡಿಗೆ ದೀಪ ಕೊಟ್ಟವರು ಒಂದು ಸೇತುವೆಗಾಗಿ ಮೂರು ತಲೆಮಾರು ಕಾದರು. ಲಿಂಗನಮಕ್ಕಿಯನ್ನು ಕಟ್ಟಿದಾಗ, ಕಟ್ಟುವ ಮೊದಲೇ ಅದರ ಫಲಾಫಲವನ್ನು ಅಳೆದು ಜನರನ್ನು ಕೇಳಬೇಕೆಂಬ ಕಾನೂನು ಇರಲಿಲ್ಲ. ಅಂತಹ ನಿಯಮ ನಮ್ಮ ದೇಶಕ್ಕೆ ಬಂದುದು 1994ರ ಜನವರಿಯಲ್ಲಿ. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರಿನ ಅಧಿಸೂಚನೆಯಂತೆ.

ಈ ಅಧಿಸೂಚನೆಯನ್ನು ನಾವು ಶಾಸ್ತ್ರಗ್ರಂಥದಂತೆ ಕುಳಿತು ಓದಿದೆವು. ಅದರ ವಿಧಿ ಹೀಗೆ: ಯಾವ ಯಾವ ವಿಷಯವನ್ನು ಶೋಧಿಸಬೇಕೆಂದು ಕೇಂದ್ರದ ತಜ್ಞಸಮಿತಿ ಮೊದಲು ಗೊತ್ತುಮಾಡುವುದು. ಯೋಜನೆಯವರು ಕರಡು ವರದಿಯನ್ನು ಸಿದ್ಧಪಡಿಸುವರು. ಬಳಿಕ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕಡಮೆಯೆಂದರೆ 30 ದಿನಗಳ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ, ಸ್ಥಳದ ಸಮೀಪದಲ್ಲಿಯೇ ಜನರ ಅಹವಾಲನ್ನು ಕೇಳಬೇಕು. ನಡೆದುದನ್ನೆಲ್ಲ ಬರೆದುಕೊಂಡು, ಕೊನೆಗೆ ಅದನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ತಿಳಿಸಬೇಕು. ಈ ಕಡೆಯ ವಾಕ್ಯ ನಮಗೆ ಬಹಳ ಹಿಡಿಸಿತು. ಆದರೆ ವರದಿಯನ್ನು ಬರೆಯುವ ಸಲಹೆಗಾರರಿಗೆ ಸಂಭಾವನೆ ಕೊಡುವವರು ಯೋಜನೆಯವರೇ. ಪರೀಕ್ಷೆಗೆ ಕುಳಿತ ಹುಡುಗನೇ ಪರೀಕ್ಷಕನಿಗೆ ಸಂಬಳ ಕೊಟ್ಟರೆ ಹೇಗೋ ಹಾಗೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉತ್ತರಪತ್ರಿಕೆ ತಿದ್ದಿದ ನಮಗೆ ಇದು ಸರಿಬೀಳಲಿಲ್ಲ.

ಭಾಷೆಯ ವಿಷಯವೂ ಒಂದುಂಟು. ಕನ್ನಡದಲ್ಲಿ ಜನರ ಕೈಗೆ ಸಾಮಾನ್ಯವಾಗಿ ಸಿಕ್ಕುವುದು ವರದಿಯ ಸಂಗ್ರಹ ಮಾತ್ರ. ತೋಟದವನಿಗೆ ಬೇಕಾದ ಸಂಗತಿ, ಎಂದರೆ ಸುರಂಗ ಅಗೆದ ಕಲ್ಲುಮಣ್ಣನ್ನು ಎಲ್ಲಿ ಸುರಿಯುವರು, ಸಿಡಿಮದ್ದು ಎಲ್ಲಿ ಹಾರಿಸುವರು ಎಂಬುದು, ಇಂಗ್ಲಿಷಿನ ಸಂಪುಟಗಳೊಳಗೆ ಅಡಗಿರುವುದು. 2020ರಲ್ಲಿ ಈ ಅಧಿಸೂಚನೆಯನ್ನೇ ಬದಲಿಸಲು ಕೇಂದ್ರಸರ್ಕಾರ ಕರಡೊಂದನ್ನು ಹೊರಡಿಸಿದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ ಆಜ್ಞಾಪಿಸಿತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೂ ಆ ವರ್ಷ ಅಂತಿಮ ಪ್ರಕಟಣೆಗೆ ತಡೆಯೊಡ್ಡಿತು. ಸಂಸ್ಕೃತವನ್ನು ಪಾಠಹೇಳಿದ ನಾವು ಕನ್ನಡಕ್ಕಾಗಿ ಇಷ್ಟು ವಾದಿಸುವುದನ್ನು ಕಂಡು ಯಾರೂ ನಗಬೇಕಾದುದಿಲ್ಲ. ತಿಳಿಯದ ಭಾಷೆಯಲ್ಲಿ ಒಪ್ಪಿಗೆ ಕೇಳುವುದು ಒಪ್ಪಿಗೆ ಕೇಳಿದಂತಾಗದು.

ಮಾವಿನಗುಂಡಿಯಿಂದ ಘಟ್ಟ ಇಳಿಯತೊಡಗಿದೆವು. ಮೋಟಾರಿನ ಕಿಟಕಿಯಿಂದ ಕಾಣುವುದೆಲ್ಲ ಕಾಡು. ಒಂದು ಮರದ ಕೊಂಬೆ ಇನ್ನೊಂದರ ಕೊಂಬೆಯೊಡನೆ ಹೆಣೆದುಕೊಂಡು ಮೇಲೊಂದು ಹಸುರು ನೆಲವೇ ಇರುವಂತೆ ತೋರುವುದು. ಸಿಂಗಳೀಕ ಬಾಳುವುದು ಆ ನೆಲದ ಮೇಲೆ. ಸಿಂಹದಂತಹ ಬಾಲದ, ಮುಖದ ಸುತ್ತ ಬೂದುಬಣ್ಣದ ಕೇಸರವುಳ್ಳ ಈ ಕರಿಯ ಕಪಿ ಪಶ್ಚಿಮಘಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಕಾಡಿನಲ್ಲಿ ಇಲ್ಲ. ಅದು ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ದಾರಿಯಿರುವವರೆಗೆ ಅದರ ಸಂಸಾರ ನಡೆಯುವುದು; ಮಧ್ಯೆ ಅಗಲವಾದ ರಸ್ತೆ ಬಿದ್ದರೆ ಗುಂಪು ಇಬ್ಭಾಗವಾಗುವುದು. ಯೋಜನೆಯವರು, "ಹೊಸ ಅಣೆಕಟ್ಟಿಲ್ಲ, ಇರುವ ಎರಡು ಜಲಾಶಯಗಳೇ ಸಾಕು, ಯಂತ್ರಾಗಾರವೂ ಭೂಗರ್ಭದಲ್ಲಿ" ಎನ್ನುವರು. ಅದು ನಿಜವೇ. ಆದರೆ ಭೂಗರ್ಭಕ್ಕೆ ಹೋಗುವ ದಾರಿ ಭೂಮಿಯ ಮೇಲಿನಿಂದಲೇ ಹೋಗಬೇಕಷ್ಟೆ. ಸರ್ಕಾರದ ಕಾಗದಪತ್ರಗಳಂತೆ ಬೇಕಾಗುವ ಅರಣ್ಯ ಸುಮಾರು 54 ಹೆಕ್ಟೇರು, ಕಡಿಯಬೇಕಾಗುವ ಮರಗಳು 16,000ಕ್ಕೂ ಮೇಲು. ರಾಜ್ಯದ ವನ್ಯಜೀವಿ ಮಂಡಳಿ 2025ರ ಜನವರಿಯಲ್ಲಿ ಸಮ್ಮತಿಸಿತು. ಜನರ ಅಹವಾಲು ಕೇಳಿದುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸಾಗರ ತಾಲ್ಲೂಕಿನ ಕಾರ್ಗಲ್ಲಿನಲ್ಲೊಮ್ಮೆ, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲೊಮ್ಮೆ. ಈ ಕ್ರಮವನ್ನು ವಾಚಕರು ಗಮನಿಸಬೇಕು.

ಗೇರುಸೊಪ್ಪೆ ನಾಲ್ಕೈದು ಶತಮಾನಗಳ ಹಿಂದೆ ಕಾಳುಮೆಣಸಿನ ರಾಜ್ಯ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ ಆಳಿದ ನೆಲವಿದು. ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕರಲ್ಲಿಯೂ ಮೌನ. ಒಂದು ಗಳಿಗೆ ಅಲ್ಲಿ ಕುಳಿತು ಎದ್ದೆವು.

ಸಮೀಪದ ತೋಟದ ಹಿರಿಯರೊಬ್ಬರು ನಮ್ಮನ್ನು ಜಗಲಿಗೆ ಕರೆದು ಮಜ್ಜಿಗೆ ಕೊಟ್ಟರು. ಸೆಪ್ಟೆಂಬರಿನ ಸಭೆಗೆ ಅವರೂ ಹೋಗಿದ್ದರಂತೆ. ಮಾತನಾಡಿದವರಲ್ಲಿ ಹೆಚ್ಚಿನವರು ಯೋಜನೆ ಬೇಡವೆಂದೇ ಹೇಳಿದರೆಂದರು. "ನಮಗೂ ಕರೆಂಟು ಬೇಕು ಮಾಸ್ತರೆ. ಬೇಡ ಅನ್ನಲಿಕ್ಕೆ ನಾವೇನು ಚಿಮಣಿ ದೀಪದಲ್ಲಿ ಇದ್ದೇವೆಯೆ? ಆದರೆ ಈ ಹೊಳೆಯಿಂದ ಎಷ್ಟು ಸಲ ತೆಗೆಯುವುದು? ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. ಗುಡ್ಡದ ಹೊಟ್ಟೆ ಕೊರೆದ ಮೇಲೆ ಕುಸಿಯುವುದಿಲ್ಲ ಅಂತ ಬರೆದುಕೊಡುವವರು ಯಾರು?" ನಾವು ರಾಜಗೋಪಾಲನಗರದ ಲೇತಿನವರ ಮಾತನ್ನು ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರದೂ ಖರೆ" ಎಂದರು.

ಎರಡೂ ಖರೆಯಾದಾಗ ಏನು ಮಾಡಬೇಕು? ನಮ್ಮ ಅಭಿಪ್ರಾಯವಿದು: ಸಂಜೆಯ ಶಕ್ತಿಯನ್ನು ಕೂಡಿಡಲು ಬೇರೆ ಎಡೆಗಳೂ ಬೇರೆ ಉಪಾಯಗಳೂ ಉಂಟು. ಕಾಡಿಲ್ಲದ ಒಣಗುಡ್ಡಗಳುಂಟು, ಪಾವಗಡದಂತಹ ಸ್ಥಾವರಗಳ ಮಗ್ಗುಲಲ್ಲಿಯೇ ಇಡಬಹುದಾದ ಬ್ಯಾಟರಿಗಳುಂಟು. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು ತೂಗಿ, ಕಾಡಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದು, ಬಳಿಕ ಸ್ಥಳ ಆರಿಸಬೇಕು. ಸ್ಥಳವನ್ನು ಮೊದಲು ಗೊತ್ತುಮಾಡಿಕೊಂಡು ಅನಂತರ ಪರಿಣಾಮವನ್ನು ಅಳೆದರೆ, ಲಗ್ನಪತ್ರಿಕೆ ಹಂಚಿದ ಮೇಲೆ ಜಾತಕ ಕೂಡಿಸಿದಂತಾಗುವುದು.

ಸಂಜೆಗೆ ಹೊನ್ನಾವರ ಸೇರಿದೆವು. ಇಲ್ಲಿ ಶರಾವತಿ ಕಡಲನ್ನು ಕೂಡುವಳು. ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಆಕೆಯ ಮೇಲೆ ಹಾದುಹೋಗಿದೆ. ಅಳಿವೆಯ ದಂಡೆಯಲ್ಲಿ ಗಾಳಿ ನಮ್ಮ ಉತ್ತರೀಯವನ್ನು ಕಿತ್ತುಕೊಳ್ಳುವಂತಿದ್ದಿತು. ಈ ಗಾಳಿಯನ್ನೇ ಕಡಲಿನ ಮೇಲೆ ಹಿಡಿಯಬಾರದೆ ಎಂದು ಯಾರಿಗಾದರೂ ತೋರುವುದು ಸಹಜ. ಡೆನ್ಮಾರ್ಕಿನವರು 1991ರಲ್ಲಿಯೇ ವಿಂಡೆಬಿಯಲ್ಲಿ ಸಮುದ್ರದೊಳಗೆ 11 ಗಾಳಿಯಂತ್ರಗಳನ್ನು ನೆಟ್ಟರು. ನಮ್ಮ ಕೇಂದ್ರಸರ್ಕಾರವೂ 2015ರಲ್ಲಿ ಕಡಲಗಾಳಿಯ ನೀತಿಯೊಂದನ್ನು ಪ್ರಕಟಿಸಿತು. ಗುಜರಾತು ತಮಿಳುನಾಡುಗಳ ಕಡಲಿನಲ್ಲಿ ಎಂಟೆಂಟು ವಲಯಗಳನ್ನು ಗುರುತಿಸಿತು. 2023ರಲ್ಲಿ ಗುತ್ತಿಗೆಯ ನಿಯಮಗಳನ್ನು ಮಾಡಿತು. 2024ರ ಜೂನಿನಲ್ಲಿ ಆ ಎರಡು ರಾಜ್ಯಗಳಲ್ಲಿ ತಲಾ 500 ಮೆಗಾವಾಟಿಗೆಂದು 7,453 ಕೋಟಿ ರೂಪಾಯಿಗಳ ನೆರವಿಗೆ ಒಪ್ಪಿತು. ಆ ವಲಯಗಳಲ್ಲಿ ನಮ್ಮ ಕರಾವಳಿ ಸೇರಿಲ್ಲ. ನೆಲದ ಮೇಲಿನ ಗಾಳಿಯಂತ್ರಗಳಿಗೆ 2006ರ ಅಧಿಸೂಚನೆಯ ಪರೀಕ್ಷೆಯಿಲ್ಲ. ಕಡಲಿನವಕ್ಕಾದರೋ ನೀತಿಯೇ ಪರಿಣಾಮದ ಅಧ್ಯಯನವನ್ನು ವಿಧಿಸಿದೆ. ವಿಧಿಸಲೇಬೇಕು, ತಮಿಳುನಾಡು 2022ರಲ್ಲಿ ಕಡಲಹಸುಗಳಿಗೆಂದು ರಕ್ಷಿತ ಪ್ರದೇಶವನ್ನು ಘೋಷಿಸಿರುವುದು ಆ ಕಡೆಯ ಸಮುದ್ರದಲ್ಲಿಯೇ, ಪಾಕ್ ಕೊಲ್ಲಿಯಲ್ಲಿ.

ದಂಡೆಯಲ್ಲಿ ದೋಣಿಯನ್ನು ಎಳೆದು ಕಟ್ಟುತ್ತಿದ್ದ ವೃದ್ಧ ಮೀನುಗಾರರಿಗೆ ಇದನ್ನು ಹೇಳಿದೆವು. ಕಡಲಿನೊಳಗೆ ಕಂಬ ನೆಟ್ಟರೆ ಬಲೆ ಬೀಸುವುದೆಲ್ಲಿ ಎಂಬುದು ಅವರ ಮೊದಲನೆಯ ಪ್ರಶ್ನೆ. ಮೇಲಿನ ಯೋಜನೆಯಿಂದ ಹೊಳೆಯ ಸಿಹಿನೀರು ಹೆಚ್ಚುಕಡಮೆಯಾದರೆ ಅಳಿವೆಯ ಮೀನು ಏನಾಗುವುದು ಎಂಬುದು ಎರಡನೆಯದು. ಅಂತಹ ಮಾತನ್ನು ಹೇಳುವುದಕ್ಕೇ ಸಭೆ ಕರೆಯುವರೆಂದೂ, ತಿಂಗಳ ಮೊದಲೇ ಪೇಪರಿನಲ್ಲಿ ಹಾಕುವರೆಂದೂ ತಿಳಿಸಿದೆವು.

"ಯಾವ ಪೇಪರಿನಲ್ಲಿ ಮಾಸ್ತರೆ?" ಎಂದು ಅವರು ಕೇಳಿದರು. ಹೆಸರನ್ನು ಗೊತ್ತುಮಾಡುವವರು ಮಂಡಳಿಯವರೆಂದೆವು. ಹಾಗಾದರೆ ಪೇಪರು ಓದುವ ಮೊಮ್ಮಗಳಿಗೆ ಹೇಳಿಡುವೆನೆಂದು ನುಡಿದು ಅವರು ಹಗ್ಗದ ಗಂಟನ್ನು ಬಿಗಿದರು.