ಫರಸಿಗೆ ಫ್ಯಾಷನ್ ಗೊತ್ತಿಲ್ಲ

ಬೂದು ಬಣ್ಣದ ಗೋಡೆಗೆ ಕೊನೆಗಾಲ ಬಂತಂತೆ. ಇಷ್ಟು ವರ್ಷ ನಮ್ಮ ಅಪಾರ್ಟ್‌ಮೆಂಟುಗಳನ್ನು ಆಳಿದ ಬಣ್ಣಕ್ಕೆ ಈಗ ಡಿಸೈನರುಗಳೇ ಮೂಗು ಮುರೀತಿದ್ದಾರೆ. ಅದರ ಹಿಂದೆ ಸರದಿಯಲ್ಲಿ ನಿಂತವರೂ ಕಮ್ಮಿಯಿಲ್ಲ: ಮೂರು ಮೆಟ್ಟಿಲಿನ ಪಿಒಪಿ ಸೀಲಿಂಗು, ಅದರೊಳಗಿಂದ ಇಣುಕುವ ನೀಲಿ ಎಲ್‌ಇಡಿ, ಬೆರಳು ಮುಟ್ಟಿದರೆ ಗುರುತು ಉಳಿಯುವ ಹೈ ಗ್ಲಾಸ್ ಅಡುಗೆಮನೆ, ಟಿವಿ ಹಿಂದಿನ ಗೆರೆಗೆರೆ ಪ್ಯಾನೆಲ್ಲು. ಸಾಲದ ಕಂತು ಮುಗಿಯೋದರೊಳಗೆ ಮನೆ ಹಳೇದಾಗಿ ಕಾಣೋ ಕಾಲ ಇದು.

ಬೆಂಗಳೂರಲ್ಲಿ ಇದನ್ನೆಲ್ಲ ನೋಡಿ ನಗಬಹುದು. ಆದರೆ ಚಂದಾಪುರದ ನಮ್ಮ ಮನೆಯ ನೆಲದ ಪ್ರಶ್ನೆ ಬಂದಾಗ ನಗು ಬರಲಿಲ್ಲ. ಚಿಂಚೋಳಿಗೆ ಅಂಟಿಕೊಂಡೇ ಇರುವ ಈ ಊರಲ್ಲಿ ಅಪ್ಪ ಮನೆ ಕಟ್ಟಿಸಿದಾಗ ಹಾಕಿಸಿದ್ದು ಶಹಾಬಾದ ಫರಸಿ. ಅಭಿರುಚಿ ಗಿಭಿರುಚಿ ಏನಿಲ್ಲ, ಹತ್ತಿರ ಸಿಗುತ್ತಿತ್ತು, ಅಗ್ಗವಾಗಿತ್ತು, ಅಷ್ಟೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಲಿನ ನೆಲದಡಿ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿದೆ. ಗಣಿಯಲ್ಲಿ ಅದು ಹಾಳೆ ಬಿಡಿಸಿದ ಹಾಗೆ ಚಪ್ಪಡಿಯಾಗಿ ಏಳುತ್ತದೆ. ಅದೇ ಬಗೆಯ ಕಲ್ಲನ್ನು ಪುಡಿಮಾಡಿ ಸುಟ್ಟರೆ ಸಿಮೆಂಟು. ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ನಿಂತಿರೋದೇ ಅದರ ಮೇಲೆ. ಮಹಾರಾಷ್ಟ್ರದವರಿಗೂ ‘ಶಹಾಬಾದಿ’ ಅಂದರೆ ಊರಿಗಿಂತ ಮೊದಲು ನೆಲ ನೆನಪಾಗುತ್ತದೆ.

ಅಪ್ಪ ಈಗ ರಿಟೈರಾಗಿದ್ದಾರೆ. ತಮ್ಮನ ಮದುವೆಗೆ ಮೊದಲು ಫರಸಿ ಮೇಲೇ ಟೈಲ್ಸ್ ಹಾಕಿಸಬೇಕು ಅಂತ ಅವರ ಆಸೆ. “ಮಂದಿ ಮನ್ಯಾಗ ಮುಖ ಕಾಣೂ ಹಂಗ ನೆಲ ಅದಾವ. ನಮ್ದಷ್ಟೇ ಗೋದಾಮ ಇದ್ದಂಗ ಅದ.” ಅವರ ಕಣ್ಣಿಗೆ ಫರಸಿ ಅಂದರೆ ದುಡ್ಡಿಲ್ಲದ ದಿನಗಳ ಗುರುತು. ಮಗ ದುಡಿಯುತ್ತಿರುವಾಗಲೂ ಅದನ್ನೇ ತುಳಿಯೋದು ಯಾಕೆ?

ನಾನು ಫೋನಲ್ಲಿ ಹೇಳಿದೆ, “ಇಲ್ಲಿ ಕೆಫೆಗಳಲ್ಲಿ ಇಂಥಾ ಒರಟು ಕಲ್ಲೇ ಹಾಕ್ತಿದಾರೆ. ಈಗ ಅದೇ ಫ್ಯಾಷನ್.”

“ಹಂಗಾದ್ರ ಐದ್ ವರ್ಷಕ್ಕ ಆ ಫ್ಯಾಷನ್ನೂ ಹೋಗ್ತದಲ್ಲ. ಆವಾಗ ಏನ್ ಮಾಡ್ತಿ?”

ಈ ಮಾತಿಗೆ ಉತ್ತರ ಹುಡುಕಬೇಕಾಯಿತು. ಫ್ಯಾಷನ್ ಅಂತ ಕಲ್ಲನ್ನು ಉಳಿಸಿಕೊಳ್ಳೋದಾದರೆ ಫ್ಯಾಷನ್ ಹೋದ ದಿನ ಅದನ್ನು ಕೀಳಬೇಕಾಗುತ್ತದೆ. ಹಾಗಾಗಿ ಚಂದ ಅನ್ನೋ ಮಾತು ಬಿಟ್ಟು ಬೇರೆ ಲೆಕ್ಕ ಹಾಕಿದೆ.

ಮೊದಲು ಕಲ್ಲಿನ ದೋಷಗಳು. ಅದು ಸುಣ್ಣದ ಕಲ್ಲು, ಹುಳಿಗೆ ಆಗದು. ನಿಂಬೆರಸ, ಹುಣಸೆ ರಸ ಬಿದ್ದು ನಿಂತರೆ ಹೊಳಪು ತಿಂದು ಹಾಕುತ್ತದೆ. ಎಣ್ಣೆ ಹೀರುತ್ತದೆ, ಅಂಚು ಚಕ್ಕೆ ಏಳುತ್ತದೆ. ಅವ್ವನ ಅಡುಗೆಮನೆ ನೆಲದಲ್ಲಿ ಇಷ್ಟೂ ಕಾಣಿಸುತ್ತಿದೆ.

ಗುಣವೂ ಇದೆ. ಕಲ್ಲಿನ ಬಣ್ಣ ಮೇಲಿಂದ ಕೆಳಗಿನವರೆಗೂ ಕಲ್ಲಿಂದೇ. ಸವೆದರೆ ಮತ್ತೆ ತೀಡಿಸಿ ಪಾಲಿಶ್ ಮಾಡಿಸಬಹುದು. ಈಗ ಓಡುವ ಬಹಳಷ್ಟು ಟೈಲುಗಳಲ್ಲಿ ಡಿಸೈನು ಇರೋದು ಮೇಲಿನ ತೆಳು ಪದರದಲ್ಲಿ. ಅದು ಹೋದರೆ ಹೋಯಿತು. ಹತ್ತು ವರ್ಷ ಬಿಟ್ಟು ಒಂದು ಟೈಲು ಒಡೆದರೆ ಅಂಗಡಿಯವನು “ಆ ಡಿಸೈನ್ ಬಂದಾಗ್ಯದ” ಅಂತಾನೆ. ಒಂದು ಫರಸಿ ಒಡೆದರೆ ಅದೇ ಕಲ್ಲು ಅದೇ ಸೀಮೆಯಲ್ಲಿ ಇನ್ನೂ ಸಿಗುತ್ತದೆ. ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆದೀತು. ಮೊದಲಿನವೂ ಎಲ್ಲಾ ಒಂದೇ ಬಣ್ಣ ಇರಲಿಲ್ಲವಲ್ಲ.

ಇನ್ನೊಂದು ಮಾತು ಅವ್ವನದು. ಅವರಿಗೆ ಮೊಳಕಾಲು ನೋವು. “ಹೊಳಿಯೂ ನೆಲದ ಮ್ಯಾಲ ನೀರ್ ಬಿದ್ರ ಕಾಣಂಗಿಲ್ಲ. ನಾ ಬಿದ್ದೆಂದ್ರ ಎಬ್ಸಾವ್ರು ಯಾರು?” ನಾನಿರೋದು ಬೆಂಗಳೂರಲ್ಲಿ, ತಮ್ಮ ಇರೋದು ಪುಣೆಯಲ್ಲಿ. ಕ್ಯಾಟಲಾಗಿನ ಫೋಟೋಗಳಲ್ಲಿ ಒದ್ದೆ ನೆಲದ ಮೇಲೆ ನಡೆಯುವ ಅರವತ್ತು ದಾಟಿದವರು ಯಾರೂ ಇರಲ್ಲ.

ಕೊನೆಗೆ ಆದ ಒಪ್ಪಂದ ಇದು. ಅಡುಗೆಮನೆಗೆ ಜಾರದ ಮ್ಯಾಟ್ ಟೈಲ್ಸ್. ಹುಳಿ, ಎಣ್ಣೆ ಎರಡರ ಚಿಂತೆಯೂ ಇಲ್ಲ. ಬಚ್ಚಲಿಗೆ ಪಾಲಿಶ್ ಇಲ್ಲದ ಒರಟು ಫರಸಿ. ಪಡಸಾಲೆಯಲ್ಲಿ ಬಿರುಕು ಬಿಟ್ಟ ಕಲ್ಲುಗಳನ್ನಷ್ಟೇ ಬದಲಿಸಿ ಎಲ್ಲಕ್ಕೂ ಹೊಸ ಪಾಲಿಶ್. ಅಪ್ಪ ಪೂರ್ತಿ ಒಪ್ಪಿಲ್ಲ. “ಪಾಲಿಶ್ ಆದ ಮ್ಯಾಲ ನೋಡೂಣು” ಅಂದಿದ್ದಾರೆ. ಅವರು ಬೇಡ ಅಂದರೆ ಟೈಲ್ಸೇ ಬರಲಿ. ಆ ನೆಲದ ಮೇಲೆ ದಿನಾ ಓಡಾಡೋದು ಅವರಿಬ್ಬರು, ಹಬ್ಬಕ್ಕೆ ಬಂದು ಫೋಟೋ ತೆಗೆಯುವ ನಾನಲ್ಲ.

ನೀವೂ ಮನೆ ಮಾಡಿಸ್ತಿದ್ದರೆ ಡಿಸೈನರ್‌ಗೆ “ಈಗ ಏನು ನಡೀತಿದೆ” ಅಂತ ಕೇಳೋದರ ಜೊತೆ ಇನ್ನೆರಡು ಪ್ರಶ್ನೆ ಕೇಳಿ: ಇದು ಒಡೆದರೆ ಒಂದೇ ತುಂಡು ಬದಲಿಸಬಹುದಾ? ಇದನ್ನು ದಿನಾ ಒರೆಸೋರು ಯಾರು?