ಕಸದ ಬಾಬತ್ತು

ಲೆಕ್ಕಪರಿಶೋಧನೆಯಲ್ಲಿ ಮೂವತ್ತೈದು ವರ್ಷ ಸವೆಸಿ ನಿವೃತ್ತನಾದ ಮನುಷ್ಯನಿಗೆ ಈ ಪ್ರಪಂಚದ ಸಮಸ್ತ ವ್ಯವಹಾರಗಳೂ ಎರಡೇ ಪಂಗಡಗಳಾಗಿ ಕಾಣುತ್ತವೆ: ರಸೀತಿಯುಳ್ಳವು, ರಸೀತಿಯಿಲ್ಲದವು. ಬನಶಂಕರಿ ಎರಡನೆಯ ಹಂತದ ರಾಯರು ಅಂಥವರಲ್ಲೊಬ್ಬರು. ಎಪ್ಪತ್ತನಾಲ್ಕು ವಯಸ್ಸು ತುಂಬಿದ್ದರೂ ಹಾಲಿನ ಚೀಟಿಯಿಂದ ಹಿಡಿದು ದೇವಸ್ಥಾನದ ಅರ್ಚನೆಯ ಚೀಟಿಯವರೆಗೆ ಎಲ್ಲವನ್ನೂ ತಂತಿಗೆ ಪೋಣಿಸಿಡುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ದೇವರಿಗೆ ಸಲ್ಲಿಸಿದ್ದಕ್ಕೂ ಪುರಾವೆ ಬೇಕೆನ್ನುವವರ ಭಕ್ತಿಯನ್ನು ಹಗುರವಾಗಿ ಕಾಣಬಾರದು. ಅದೂ ಒಂದು ಬಗೆಯ ನಿಷ್ಠೆಯೇ.

ಬೆಂಗಳೂರಿನಲ್ಲಿ ಆಸ್ತಿತೆರಿಗೆಯನ್ನು ಮನೆಯವರೇ ಲೆಕ್ಕಹಾಕಿ ಘೋಷಿಸುವ ಪದ್ಧತಿ 2008ರಿಂದ ಹೊಸ ರೂಪದಲ್ಲಿ ಬಂದಾಗ ಇಡೀ ಬೀದಿಯವರು ಫಾರಂ ಹಿಡಿದು ರಾಯರ ಜಗಲಿಗೆ ಬಂದಿದ್ದರು. ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ ಅವರು ಚೆಕ್ಕು ಬರೆದು, ಸಾಲಿನಲ್ಲಿ ನಿಂತು, ಮೊಹರು ಬಿದ್ದ ರಸೀತಿಯನ್ನು ಕೈಯಲ್ಲಿ ಹಿಡಿದೇ ಮನೆಗೆ ಬರುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಮಂಡಿನೋವು ಅಡ್ಡ ಬಂತು. ತಿಂಗಳ ಕೊನೆಯೊಳಗೆ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ. ಆ ರಿಯಾಯಿತಿಯನ್ನು ಬಿಟ್ಟುಕೊಡುವುದೆಂದರೆ ರಾಯರ ಮಟ್ಟಿಗೆ ಮಂಡಿನೋವಿಗಿಂತ ದೊಡ್ಡ ನೋವು. ಪಿ.ಯು.ಸಿ. ಓದುತ್ತಿದ್ದ ಮೊಮ್ಮಗ, “ಅಷ್ಟಕ್ಕೇಕೆ ಯೋಚನೆ ತಾತ? ಕೂತಲ್ಲೇ ಕಟ್ಟಿಬಿಡೋಣ” ಎಂದು ಮೊಬೈಲನ್ನು ತೆಗೆದ.

ದಾಖಲೆಯಲ್ಲಿ ಮನೆ ರಾಯರ ಪತ್ನಿಯ ಹೆಸರಿನಲ್ಲಿತ್ತು. ಆಕೆ ತೀರಿಕೊಂಡು ಎರಡು ವರ್ಷವಾಗಿದ್ದರೂ ಖಾತೆ ಬದಲಾಯಿಸುವ ಕೆಲಸವನ್ನು ರಾಯರು ಇಂದು ನಾಳೆಯೆಂದು ಮುಂದೂಡುತ್ತ ಬಂದಿದ್ದರು. ಅನ್ಯರ ಕಡತದಲ್ಲಿ ಇಂಥ ವಿಳಂಬ ಕಂಡಿದ್ದರೆ ಕೆಂಪುಶಾಯಿಯಲ್ಲಿ ಆಕ್ಷೇಪಣೆ ಬರೆಯುತ್ತಿದ್ದವರು ತಮ್ಮ ಮನೆಯ ಕಡತವನ್ನು ಮಾತ್ರ ಬಿಚ್ಚಿರಲಿಲ್ಲ.

ಜಾಲತಾಣವು ಆಸ್ತಿಯ ಸಂಖ್ಯೆಯನ್ನು ಕೇಳಿತು. ಹಳೆಯ ರಸೀತಿಯಿಂದ ಓದಿ ಹೇಳಿದ್ದಾಯಿತು. ಅನಂತರ ಮಾಲೀಕರ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಕೇಳಿತು. ರಾಯರು ಪತ್ನಿಯ ಹೆಸರನ್ನು ನಿಧಾನವಾಗಿ ಉಚ್ಚರಿಸಿದರು. ಕನ್ನಡದ ಮೂರಕ್ಷರವೆಂದರೆ ಒಂದು ಪೂರ್ಣ ಹೆಸರಾದೀತು. ಇಂಗ್ಲಿಷಿನ ಮೂರಕ್ಷರವೆಂದರೆ ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಮೊಮ್ಮಗ ಇಂಗ್ಲಿಷಿನ ಮೂರನ್ನು ಒತ್ತಿದ. ಹೊಂದುತ್ತಿಲ್ಲವೆಂದು ಉತ್ತರ ಬಂತು. ಇನಿಷಿಯಲ್ಲನ್ನು ಮೊದಲಿಗಿಟ್ಟು ಒತ್ತಿದ, ಹೊಂದಲಿಲ್ಲ. ಮೂರನೆಯ ಸಲ ರಾಯರು ತಮ್ಮ ಹೆಸರನ್ನೇ ಒತ್ತಿ ನೋಡುವಂತೆ ಹೇಳಿದರು. ಅದಂತೂ ಹೊಂದುವ ಮಾತೇ ಇರಲಿಲ್ಲ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಸೊಸೆ, “ಮಾವ, ಶ್ರೀಮತಿ ಅಂತ ಸೇರಿಸಿ ಬರೆಸಿದ್ದರೇನೋ ನೋಡಿ” ಎಂದಳು. ಮೊಮ್ಮಗ ಎಸ್, ಎಂ, ಟಿ ಎಂದು ಒತ್ತಿದ. ಬಾಗಿಲು ತೆರೆಯಿತು.

ನಲವತ್ತಾರು ವರ್ಷ ಸಂಸಾರ ಮಾಡಿದ ಹೆಂಗಸು ಆ ಯಂತ್ರದ ಪಾಲಿಗೆ ಬರಿಯ ‘ಶ್ರೀಮತಿ’ಯಾಗಿ ಉಳಿದಿದ್ದಳು. ರಾಯರು ಏನನ್ನೂ ಹೇಳಲಿಲ್ಲ. ಕನ್ನಡಕವನ್ನು ಏರಿಸಿಕೊಂಡು, “ಮುಂದೆ ನೋಡು” ಎಂದರು.

ಮುಂದೆ ನೋಡಿದರೆ ತೆರಿಗೆಯ ಕೆಳಗೆ ಹೊಸದೊಂದು ಸಾಲು: ಘನತ್ಯಾಜ್ಯ ನಿರ್ವಹಣೆಯ ಬಳಕೆದಾರರ ಶುಲ್ಕ, 1200 ರೂಪಾಯಿ. ಕಸದ ಉಪಕರವೆಂಬುದು ಹಿಂದಿನಿಂದಲೂ ತೆರಿಗೆಯ ಬಾಲದಲ್ಲಿ ಇದ್ದದ್ದೇ. ಆದರೆ ಬಳಕೆದಾರರ ಶುಲ್ಕವು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ವಾಸದ ಮನೆಗಳಲ್ಲಿ ಕಟ್ಟಡದ ವಿಸ್ತೀರ್ಣ 600 ಚದರ ಅಡಿಯವರೆಗೆ ತಿಂಗಳಿಗೆ 10 ರೂಪಾಯಿ, 1000ದವರೆಗೆ 50, 2000ದವರೆಗೆ 100, 3000ದವರೆಗೆ 150, 4000ದವರೆಗೆ 200, ಅದಕ್ಕೂ ಮೇಲ್ಪಟ್ಟರೆ 400 ಎಂದು ಗೊತ್ತುಮಾಡಲಾಗಿತ್ತು. ಮೂವತ್ತು-ನಲವತ್ತರ ನಿವೇಶನದಲ್ಲಿ ಮಹಡಿಯೂ ಸೇರಿ 1800 ಅಡಿ ಕಟ್ಟಿದ್ದ ರಾಯರು ನೂರು ರೂಪಾಯಿಯ ಮೆಟ್ಟಿಲಿನಲ್ಲಿ ನಿಂತಿದ್ದರು.

“ಕಸವನ್ನು ಮಾಡುವುದು ನೆಲವೋ, ಬಾಯಿಯೋ?” ಎಂಬುದು ರಾಯರ ಮೊದಲ ಆಕ್ಷೇಪಣೆ. ಹಿಂದಿನ ಬೀದಿಯ ವಠಾರದ ಒಂದು ಸಣ್ಣ ಮನೆಯಲ್ಲಿ ಎಂಟು ಜನ. ಎದುರಿನ ದೊಡ್ಡ ಬಂಗಲೆಯಲ್ಲಿ ವೃದ್ಧೆಯೊಬ್ಬಳೇ. ಹೆಚ್ಚು ಕಸ ಯಾರದು? ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಗರದ ಮನೆಮನೆಯ ಬುಟ್ಟಿಯನ್ನೂ ದಿನದಿನವೂ ತಕ್ಕಡಿಗೆ ಹಾಕುವವರಾರು? ಅಳೆಯಲು ಆಗದ್ದನ್ನು ಬಿಟ್ಟು ಅಳೆಯಲು ಆಗುವುದಕ್ಕೆ ದರ ಕಟ್ಟುವುದು ಆಡಳಿತದ ಹಳೆಯ ಉಪಾಯ. ರಾಯರೂ ಆಡಳಿತದಲ್ಲಿದ್ದಾಗ ಅದನ್ನೇ ಮಾಡಿದವರು.

ಹಣ ಹೋಯಿತು. ಮೊಬೈಲು ಒಮ್ಮೆ ಟಿಂಗೆಂದಿತು. ರಾಯರು ಕೈಚಾಚಿ ಕುಳಿತೇ ಇದ್ದರು.

“ರಸೀತಿ ಎಲ್ಲಿ?”

“ಬಂದಿದೆಯಲ್ಲ ತಾತ, ಇದರೊಳಗೇ ಇದೆ.”

“ಇದರೊಳಗಿದ್ದರೆ ತಂತಿಗೆ ಹೇಗೆ ಪೋಣಿಸಲಿ?”

ಮೊಮ್ಮಗ ಮೂಲೆಯ ಅಂಗಡಿಗೆ ಓಡಿ ಐದು ರೂಪಾಯಿ ಕೊಟ್ಟು ಅದನ್ನು ಕಾಗದಕ್ಕಿಳಿಸಿಕೊಂಡು ಬಂದ ಮೇಲೆಯೇ ಆ ದಿನದ ವ್ಯವಹಾರ ಮುಗಿದದ್ದು.

ಮುಗಿದದ್ದು ಎನ್ನುವುದು ಪೂರಾ ಸರಿಯಲ್ಲ. ರಾತ್ರಿ ಊಟದ ಹೊತ್ತಿಗೆ ಮಗ ಒಂದು ಮಾತು ತೆಗೆದ. “ಅಪ್ಪ, ಕಸದ ಗಾಡಿಯ ಹೆಂಗಸಿಗೆ ನೀವು ತಿಂಗಳಿಗೆ ಐವತ್ತು ರೂಪಾಯಿ ಕೊಡುತ್ತೀರಲ್ಲ, ಇನ್ನು ಅದು ಬೇಡ. ವರ್ಷಕ್ಕೆ 1200 ಕಟ್ಟಿದ್ದೇವೆ. ಮತ್ತೆ ಕೈಗೂ ಕೊಟ್ಟರೆ ಅದಕ್ಕೇನೆನ್ನುತ್ತಾರೆ?”

ಅದಕ್ಕೇನೆನ್ನುತ್ತಾರೆಂಬುದು ರಾಯರಿಗೆ ಮಗನಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದೇ ಬಾಬತ್ತಿಗೆ ಎರಡು ಪಾವತಿ. ವೃತ್ತಿಜೀವನದಲ್ಲಿ ಅವರು ಎಷ್ಟೋ ಗುಮಾಸ್ತರ ನಿದ್ದೆಗೆಡಿಸಿದ್ದು ಇದೇ ಕಾರಣಕ್ಕಾಗಿ. ಐವತ್ತು ರೂಪಾಯಿ ಕೊಡುವ ಪದ್ಧತಿಯನ್ನು ಹಾಕಿದವರು ಅವರಲ್ಲ, ಅವರ ಪತ್ನಿ. ಆಕೆಯ ನಂತರ ರಾಯರು ಹಿಂದಿನಿಂದ ನಡೆದುಬಂದದ್ದೆಂದು ಮುಂದುವರಿಸಿದ್ದರಷ್ಟೆ. ಮೇ ತಿಂಗಳಿನಿಂದ ಅದು ನಿಂತಿತು.

ಪತ್ನಿ ಆ ಪದ್ಧತಿಯನ್ನು ಹಾಕಿದ್ದಕ್ಕೆ ಹಿನ್ನೆಲೆಯಿತ್ತು. 2012ನೆಯ ಇಸವಿಯನ್ನು ಬೆಂಗಳೂರಿನವರು ಮರೆತಿರಲಾರರು. ನಗರದ ಕಸ ಹೋಗಿ ಬೀಳುತ್ತಿದ್ದ ಮಾವಳ್ಳಿಪುರದ ಗುಂಡಿ ಆ ವರ್ಷ ಮುಚ್ಚಿತು. ನೀರು ಕೆಟ್ಟು, ಗಾಳಿ ಕೆಟ್ಟು, ಅಲ್ಲಿಯ ಜನ ಇನ್ನು ಸಹಿಸೆವೆಂದು ನಿಂತಿದ್ದರು. ಉದ್ಯಾನನಗರಿಯೆಂದು ಹೆಸರಾಂತ ಊರಿನ ಬೀದಿಬೀದಿಗಳಲ್ಲಿ ಕಸ ಆಳೆತ್ತರ ಬೆಳೆಯಿತು. ಭಾರ ಮಂಡೂರಿನ ಮೇಲೆ ಬಿತ್ತು. ಅಲ್ಲಿಯ ರೈತರೂ ಲಾರಿಗಳಿಗೆ ಅಡ್ಡ ನಿಂತರು. 2014ರ ಕೊನೆಗೆ ಅದೂ ನಿಂತಿತು. ತಾನು ತಿಂದುಳಿದದ್ದನ್ನು ನೆರೆಯವನ ಬಾವಿಯ ಬಳಿ ಸುರಿಯುವ ಮನೆಯವನಿಗೆ ನಾವು ಏನೆನ್ನುತ್ತೇವೆ? ಒಂದು ಮಹಾನಗರ ಅದನ್ನೇ ವರ್ಷಗಟ್ಟಲೆ ಮಾಡಿತು. ಮೂಲದಲ್ಲೇ ಬೇರ್ಪಡಿಸಬೇಕೆಂಬ ನಿಯಮ 2012ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿತ್ತು. ಹಸಿಕಸಕ್ಕೆ ಹಸುರು ಬುಟ್ಟಿ, ಹೊಲಸಿಗೆ ಕೆಂಪು ಬುಟ್ಟಿ, ಒಣಕಸಕ್ಕೆ ಒಂದು ಚೀಲ ಎಂದು ಉಚ್ಚ ನ್ಯಾಯಾಲಯವೇ 2015ರ ಕೊನೆಯಲ್ಲಿ ಅಪ್ಪಣೆ ಮಾಡಿತು. ಆ ಬೀದಿಯಲ್ಲಿ ಎರಡು ಬುಟ್ಟಿ ಒಂದು ಚೀಲವನ್ನು ಮೊದಲು ತಂದವಳು ರಾಯರ ಪತ್ನಿ. ಹಾಲಿನ ಕವರನ್ನು ತೊಳೆದು ಒಣಗಿಸುತ್ತಿದ್ದಳು. ಅದನ್ನು ನೋಡಿ ರಾಯರು, “ಅಂತೂ ಕಸಕ್ಕೂ ಮಡಿ ಬಂತು” ಎಂದು ನಗುತ್ತಿದ್ದರು.

ಗಾಡಿಯ ಹೆಂಗಸು ಆ ಬೀದಿಗೆ ಬರತೊಡಗಿದ್ದು ಮಂಡೂರು ಮುಚ್ಚಿದ ಹೊತ್ತಿನಲ್ಲೇ. ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಸಾವಿರಾರು ಮಂದಿಗೆ 2025ರ ಮೇ 1ರಂದು ಕಾಯಂ ನೇಮಕದ ಆದೇಶ ದೊರೆಯಿತು, ಈಕೆಗೆ ದೊರೆಯಲಿಲ್ಲ. ಗಾಡಿಯ ಕೆಲಸ ಗುತ್ತಿಗೆಯದು. ಮೇ ತಿಂಗಳ ಮೊದಲ ವಾರ ಆಕೆ ಬುಟ್ಟಿಯನ್ನು ಹಿಂದಿರುಗಿಸಿ ಒಂದು ಕ್ಷಣ ನಿಂತಳು. ರಾಯರು ಆಕಾಶವನ್ನು ನೋಡಿದರು. ಆಕೆ ಹೊರಟುಹೋದಳು. ಜೂನ್ ತಿಂಗಳಲ್ಲಿ ನಿಲ್ಲಲೂ ಇಲ್ಲ.

ಜೂನ್ ಕಳೆಯುತ್ತಿದ್ದ ಒಂದು ಬೆಳಿಗ್ಗೆ, ಸೊಸೆ ಆಫೀಸಿಗೆ ಹೊರಟ ಮೇಲೆ, ರಾಯರೇ ಹಸುರು ಬುಟ್ಟಿಯನ್ನು ಹಿಡಿದು ಗೇಟಿಗೆ ಬಂದರು. ಬುಟ್ಟಿ ತೆಗೆದುಕೊಂಡ ಕೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ಏನಾಯಿತಮ್ಮ ಬೆರಳಿಗೆ?”

“ಏನಿಲ್ಲ ಸಾರ್. ಸೂಜಿ ಚುಚ್ಕೊಂತು.”

“ಡಾಕ್ಟರಿಗೆ ತೋರಿಸಿದೆಯೊ?”

“ಇಂಜೆಕ್ಷನ್ ಹಾಕಿಸ್ಕೊಂಡೆ ಸಾರ್. ನೂರೈವತ್ತು ಆಯ್ತು.” ಹೀಗೆನ್ನುತ್ತಲೇ ಆಕೆ ಬುಟ್ಟಿಯನ್ನು ಓರೆಮಾಡಿ, ತರಕಾರಿ ಸಿಪ್ಪೆಯ ನಡುವೆ ಕೋಲೊಂದರಿಂದ ಕೆದಕಿ, ಏನನ್ನೋ ಬದಿಗೆ ಸರಿಸಿದಳು. “ಸೂಜಿ ಮಾತ್ರ ಬೇರೆ ಕೊಡಿ ಸಾರ್. ಅಮ್ಮೋರು ಸೀಸೇಲಿ ಹಾಕಿ ಮುಚ್ಚಳ ಬಿಗಿದು ಕೊಡ್ತಿದ್ರು.”

ರಾಯರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್. ಪತ್ನಿ ಇದ್ದಷ್ಟು ಕಾಲವೂ ಚುಚ್ಚಿಕೊಂಡ ಸೂಜಿ ಎಲ್ಲಿಗೆ ಹೋಗುತ್ತದೆಂದು ಅವರು ಕೇಳಿದವರಲ್ಲ. ಆಕೆ ಹೋದ ಮೇಲೆ ಕೈಗೆ ಹತ್ತಿರವಾದ ಬುಟ್ಟಿಗೆ ಎಸೆಯುತ್ತ ಬಂದಿದ್ದರು. ಬಳಸಿದ ಸೂಜಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕಿಸಿಡಬೇಕೆಂದು 2016ರ ನಿಯಮಗಳಲ್ಲೇ ಬರೆದಿತ್ತು. ನಿಯಮಗಳನ್ನು ಓದಿಯೇ ಜೀವನ ಸಾಗಿಸಿದವರು ಆ ಒಂದನ್ನು ಓದಿರಲಿಲ್ಲ. ಬೆರಳಿಗೆ ಚುಚ್ಚಿದ್ದು ಯಾರ ಮನೆಯ ಸೂಜಿಯೆಂದು ಆಕೆ ಹೇಳಲಿಲ್ಲ. ರಾಯರಿಗೆ ಕೇಳುವ ಧೈರ್ಯವಾಗಲಿಲ್ಲ.

ಅಂದು ಮಧ್ಯಾಹ್ನ ಅವರು ನಿದ್ದೆ ಮಾಡಲಿಲ್ಲ. ಅಡಿಗೆಮನೆಯ ಅಟ್ಟದ ಮೇಲೆ ಪತ್ನಿಯ ಮನೆಖರ್ಚಿನ ಪುಸ್ತಕಗಳಿದ್ದವು; ಎರಡು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಮೊಮ್ಮಗನಿಂದ ಅವನ್ನು ಇಳಿಸಿಕೊಂಡು ಧೂಳು ಕೊಡವಿ ಕುಳಿತರು. ಹುಡುಕಿದ್ದು ಒಂದೇ ವಿಷಯ: ಆ ಐವತ್ತು ರೂಪಾಯಿಯನ್ನು ಆಕೆ ಯಾವ ಬಾಬತ್ತಿನಲ್ಲಿ ಬರೆದಿದ್ದಾಳೆ? ದಾನಧರ್ಮದ ಪುಟದಲ್ಲಿ ತಟ್ಟೆಕಾಸು, ಮಠದ ಕಾಣಿಕೆ, ಬಾಗಿಲಿಗೆ ಬಂದ ದಾಸಯ್ಯನ ಅಕ್ಕಿ ಎಲ್ಲ ಇದ್ದವು, ಇದು ಇರಲಿಲ್ಲ. ಹಬ್ಬದ ಇನಾಮಿನ ಪುಟದಲ್ಲಿಯೂ ಇರಲಿಲ್ಲ. ಕೊನೆಗೆ ತಿಂಗಳ ಕೊಡತಕ್ಕ ಬಾಕಿಯ ಪುಟದಲ್ಲಿ ಸಿಕ್ಕಿತು. ಹಾಲು, ಪತ್ರಿಕೆ, ಹೂವು, ಕಸ. ಹಾಲಿನವನಿಗೆ ಕೊಡದೆ ಇರುವುದು ಹೇಗೆ ಸಾಧ್ಯವಿಲ್ಲವೋ ಹಾಗೆ, ಯಾವ ವಿವರಣೆಯೂ ಇಲ್ಲದೆ, ತಿಂಗಳು ತಿಂಗಳೂ ಒಂದೇ ಸಾಲಿನಲ್ಲಿ.

ರಾಯರು ಎರಡು ತಿಂಗಳ ಬಾಕಿ ನೂರು, ಡಾಕ್ಟರ ಖರ್ಚು ನೂರೈವತ್ತು, ಒಟ್ಟು ಇನ್ನೂರೈವತ್ತು ಎಂದು ಚೀಟಿಯ ಮೇಲೆ ಬರೆದರು. ಖಾಲಿ ಹಾರ್ಲಿಕ್ಸ್ ಸೀಸೆಯೊಂದನ್ನು ಹುಡುಕಿ ತೊಳೆದಿಟ್ಟರು.

ಮರುದಿನ ಸೀಟಿ ಕೇಳಿದೊಡನೆ ಐನೂರರ ನೋಟನ್ನು ಹಿಡಿದು ಗೇಟಿನಲ್ಲಿ ನಿಂತರು. ಆಕೆ ನೋಟನ್ನು ನೋಡಿ ಹಿಂಜರಿದಳು. “ಚಿಲ್ಲರೆ ಇಲ್ಲ ಸಾರ್. ಸ್ಕ್ಯಾನ್ ಮಾಡ್ಬಿಡಿ” ಎಂದು ಸೆರಗಿಗೆ ಕೈಯೊರೆಸಿಕೊಂಡು ತನ್ನ ಮೊಬೈಲನ್ನು ತೆಗೆದು ಮುಂದೆ ಹಿಡಿದಳು. ಗಾಜು ಒಡೆದು ಜೇಡನ ಬಲೆಯಂತಾಗಿದ್ದ ಆ ಮೊಬೈಲಿನ ಮೇಲೆ ಕಪ್ಪುಬಿಳಿ ಚುಕ್ಕೆಗಳ ಚೌಕ ಮೂಡಿತು. ರಾಯರು ಒಳಗೆ ಮುಖಮಾಡಿ ಮೊಮ್ಮಗನನ್ನು ಕೂಗಿದರು.

ಹುಡುಗ ಹಲ್ಲುಜ್ಜುತ್ತಿದ್ದವನು ಹಾಗೆಯೇ ಬಂದು ತನ್ನ ಮೊಬೈಲನ್ನು ಅದರೆದುರು ಹಿಡಿದ. “ಹೆಸರು ಸರಿಯಾ ನೋಡಿ ತಾತ, ಆಮೇಲೆ ಕಳಿಸ್ತೀನಿ.”

ಅಲ್ಲಿ ಒಂದು ಹೆಸರಿತ್ತು. ಮುಂದೆ ತಂದೆಯದೋ ಗಂಡನದೋ ಒಂದು ಅಕ್ಷರ, ಆಮೇಲೆ ಪೂರ್ತಿ ಹೆಸರು. ಹನ್ನೊಂದು ವರ್ಷಗಳಿಂದ ದಿನಬೆಳಗಾದರೆ ಗೇಟಿನ ಮುಂದೆ ನಿಲ್ಲುತ್ತಿದ್ದ ಹೆಂಗಸಿಗೆ ಆ ಮನೆಯಲ್ಲಿ ಇದ್ದ ಹೆಸರು ‘ಕಸದವಳು’ ಎಂಬುದೊಂದೇ. ರಾಯರು ಅದನ್ನು ಎರಡು ಸಲ ಓದಿದರು.

“ಇದು ನಿನ್ನ ಹೆಸರೇನಮ್ಮ?”

“ಹೂಂ ಸಾರ್. ನಂದೇ.”

ಮೊಬೈಲು ಟಿಂಗೆಂದಿತು. ಆಕೆಯದೂ ಟಿಂಗೆಂದಿತು. ಆಕೆ ಮೊತ್ತ ನೋಡಿ, “ಜಾಸ್ತಿ ಬಂದಿದೆ ಸಾರ್” ಎಂದಳು. “ಇಲ್ಲ, ಲೆಕ್ಕ ಸರಿಯಾಗಿದೆ” ಎಂದರು ರಾಯರು, ಕಚೇರಿಯ ಗಂಟಲಿನಲ್ಲಿ. ಗಾಡಿಯ ಚಾಲಕ ಅಸಹನೆಯಿಂದ ಹಾರನ್ನು ಒತ್ತಿದ. ಆಕೆ ಹಾರ್ಲಿಕ್ಸ್ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿದು, ಬೇರೆಯಾಗಿಯೇ ಒಂದು ಮೂಲೆಯಲ್ಲಿಟ್ಟು ಮುಂದಿನ ಮನೆಗೆ ನಡೆದಳು.

“ಇದಕ್ಕೂ ರಸೀತಿ ಅಂಗಡಿಯಿಂದ ತೆಗೆಸಿ ತರಲೇ ತಾತ?” ಎಂದ ಮೊಮ್ಮಗ, ಬಾಯಲ್ಲಿದ್ದ ಬ್ರಷ್ಷಿನ ನಡುವೆಯೇ ನಗುತ್ತ.

“ಬೇಡ. ನೀನು ಬಾಯಿ ತೊಳೆದುಕೊ, ಹೋಗು” ಎಂದು ರಾಯರು ಒಳಗೆ ಬಂದು, ಪತ್ನಿಯ ಪುಸ್ತಕದಲ್ಲಿ ಬಿಳಿಯಾಗಿ ಉಳಿದಿದ್ದ ಪುಟವೊಂದನ್ನು ತೆರೆದು, ಹಾಲು, ಪತ್ರಿಕೆ, ಹೂವು ಎಂದು ಬರೆದು, ನಾಲ್ಕನೆಯ ಸಾಲಿನಲ್ಲಿ ಆ ಹೆಸರನ್ನು ಬರೆದರು.